ಫ್ಲ್ಯಾಟ್ ರೇಸ್‌ಗಾಗಿ ಬೆಳೆಸಿದ ಕುದುರೆ ಮರಿಗಳ ಮಾರಾಟ: ವಂಶಾವಳಿಯಲ್ಲಿನ ಜಂಪ್ ರೇಸ್ ಸಂಬಂಧಿಗಳ ಪರಿಣಾಮ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬ್ರಿಟನ್ ಮತ್ತು ಐರ್ಲೆಂಡ್ ದೇಶಗಳಲ್ಲಿ ಥರೋಬ್ರೆಡ್ ಕುದುರೆಗಳ ಓಟವು ಎರಡು ಪ್ರತ್ಯೇಕ ವಿಭಾಗಗಳಲ್ಲಿ ನಡೆಯುತ್ತದೆ. ಯಾವುದೇ ಅಡೆತಡೆಯಿಲ್ಲದ ಓಟಕ್ಕೆ ಫ್ಲ್ಯಾಟ್ ರೇಸ್ ಎಂದೂ, ಹರ್ಡಲ್ ಅಥವಾ ಎತ್ತರದ ಬೇಲಿಗಳನ್ನು ಜಿಗಿದು ಸಾಗುವ ಓಟಕ್ಕೆ ಜಂಪ್ ರೇಸ್ ಎಂದೂ ಹೆಸರು. ಎರಡನೆಯದನ್ನು ಅಲ್ಲಿ ನ್ಯಾಷನಲ್ ಹಂಟ್ ಎಂದೂ ಕರೆಯುತ್ತಾರೆ. ಎರಡೂ ವಿಭಾಗಗಳ ಕುದುರೆಗಳು ಒಂದೇ ತಳಿಗೆ ಸೇರಿದವುಗಳಾಗಿದ್ದರೂ, ಅವುಗಳ ಮಾರುಕಟ್ಟೆಗಳು ಬೇರೆ, ಖರೀದಿದಾರರು ಬೇರೆ ಹಾಗೂ ಬೆಲೆ ಕಟ್ಟುವ ಕ್ರಮವೂ ಬೇರೆ.

ಭಾರತದ ಟರ್ಫ್ ಕ್ಲಬ್‌ಗಳು ಇಂದು ನಡೆಸುತ್ತಿರುವುದು ಫ್ಲ್ಯಾಟ್ ರೇಸ್‌ಗಳನ್ನು. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರ್ಮ್ ಮೊದಲ್ಗೊಂಡು ನಮ್ಮಲ್ಲಿ ಕುದುರೆ ಸಾಕಣೆಗೆ ದೀರ್ಘ ಇತಿಹಾಸವಿದೆ. ಇಲ್ಲಿನ ಸಾಕಣೆದಾರರು ಬ್ರಿಟನ್ ಮತ್ತು ಐರ್ಲೆಂಡ್‌ಗಳ ಹರಾಜುಗಳಲ್ಲಿ ತಾಯಿ ಕುದುರೆಗಳನ್ನು ಖರೀದಿಸುವುದುಂಟು. ಅಂತಹ ಹರಾಜಿನ ಕ್ಯಾಟಲಾಗ್ ಪುಟದಲ್ಲಿ, ನಮ್ಮಲ್ಲಿ ಚಾಲ್ತಿಯಲ್ಲಿಲ್ಲದ ಹರ್ಡಲ್ ಮತ್ತು ಸ್ಟೀಪಲ್‌ಚೇಸ್ ಗೆಲುವುಗಳ ಉಲ್ಲೇಖ ಕಂಡಾಗ ಅದನ್ನು ಹೇಗೆ ಅರ್ಥೈಸಿಕೊಳ್ಳಬೇಕು, ಅದು ಮರಿಯ ಬೆಲೆಯನ್ನು ಹೆಚ್ಚಿಸುತ್ತದೆಯೋ ಕುಗ್ಗಿಸುತ್ತದೆಯೋ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ನೀಡುವುದು ಈ ಮಾಹಿತಿಯ ಉದ್ದೇಶವಾಗಿದೆ.

2. ವ್ಯಾಪ್ತಿ

ವಿದೇಶದಿಂದ ಕುದುರೆಗಳನ್ನು ತರುವಾಗ ಅನ್ವಯವಾಗುವ ಆರೋಗ್ಯ ಸಂಬಂಧಿ ನಿರ್ಬಂಧಗಳು 1898ರ ಜಾನುವಾರು ಆಮದು ಅಧಿನಿಯಮದ ಅಡಿಯಲ್ಲಿ ಬರುತ್ತವೆ ಮತ್ತು ಅವು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರಿವೆ. ಆರೋಗ್ಯ ಪ್ರಮಾಣಪತ್ರವು ಪ್ರಾಣಿಯ ಆರೋಗ್ಯ ಸ್ಥಿತಿಯನ್ನು ಮಾತ್ರ ದೃಢೀಕರಿಸುತ್ತದೆ. ವಂಶಾವಳಿಯ ವಾಣಿಜ್ಯ ಮೌಲ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಬೆಲೆಗೆ ಸಂಬಂಧಿಸಿದ ನಿರ್ಧಾರವನ್ನು ಅರ್ಜಿದಾರರು ತಮ್ಮ ಸ್ವಂತ ಪರಿಶೀಲನೆಯ ಆಧಾರದ ಮೇಲೆ ಕೈಗೊಳ್ಳತಕ್ಕದ್ದು.

3. ಮರಿಗಳ ಮಾರುಕಟ್ಟೆ ನಡೆಯುವ ಬಗೆ

3.1 ಉತ್ತರ ಗೋಳಾರ್ಧದಲ್ಲಿ ಎಲ್ಲ ಥರೋಬ್ರೆಡ್ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕಲಾಗುತ್ತದೆ. ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ವರ್ಷದ ಮೊದಲ ಐದು ತಿಂಗಳುಗಳಲ್ಲಿ ಹುಟ್ಟಿದ ಮರಿಗಳು ಅದೇ ವರ್ಷದ ನವೆಂಬರ್–ಡಿಸೆಂಬರ್‌ನಲ್ಲಿ ತಾಯಿಯಿಂದ ಬೇರ್ಪಟ್ಟು ಹರಾಜಿಗೆ ಬರುತ್ತವೆ. 1766ರಲ್ಲಿ ಸ್ಥಾಪನೆಯಾದ ಟ್ಯಾಟರ್‌ಸಾಲ್ಸ್ ಸಂಸ್ಥೆಯು ನ್ಯೂಮಾರ್ಕೆಟ್‌ನಲ್ಲಿ, ಗಾಫ್ಸ್ ಸಂಸ್ಥೆಯು ಐರ್ಲೆಂಡ್‌ನ ಕಿಲ್ಡೇರ್ ಕೌಂಟಿಯಲ್ಲಿ ಇಂತಹ ಹರಾಜುಗಳನ್ನು ನಡೆಸುತ್ತವೆ. ಟ್ಯಾಟರ್‌ಸಾಲ್ಸ್‌ನ ನ್ಯೂಮಾರ್ಕೆಟ್ ಹರಾಜಿನಲ್ಲಿ ಬೆಲೆಯನ್ನು ಗಿನಿಗಳಲ್ಲಿ ಕೂಗಲಾಗುತ್ತದೆ. 1 ಗಿನಿ ಎಂದರೆ 1.05 ಪೌಂಡ್.

3.2 ಮರಿಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅವುಗಳನ್ನು ಓಡಿಸಲು ಕೊಳ್ಳುವುದಿಲ್ಲ. ಸುಮಾರು ಹತ್ತು ತಿಂಗಳು ಸಾಕಿ, ಮುಂದಿನ ಶರತ್ಕಾಲದಲ್ಲಿ ಒಂದು ವರ್ಷದ ಮರಿಯನ್ನಾಗಿ, ಅಂದರೆ ಇಯರ್ಲಿಂಗ್ ಆಗಿ ಮರುಮಾರಾಟ ಮಾಡುವ ವ್ಯಾಪಾರಿಗಳು ಇವರು. ಈ ವ್ಯವಹಾರವನ್ನು ಪಿನ್‌ಹುಕಿಂಗ್ ಎನ್ನಲಾಗುತ್ತದೆ. ಪಿನ್‌ಹುಕರ್‌ನು ಮರಿಯನ್ನು ನೋಡುವಾಗ ಅದು ಓಡುತ್ತದೆಯೇ ಎಂಬುದಕ್ಕಿಂತ, ಹತ್ತು ತಿಂಗಳ ನಂತರ ಇದನ್ನು ತನ್ನಿಂದ ಯಾರು ಕೊಳ್ಳುತ್ತಾರೆ ಎಂಬುದನ್ನು ಮೊದಲು ಯೋಚಿಸುತ್ತಾನೆ. ಜಂಪ್ ರೇಸ್ ಸಂಬಂಧಿಗಳ ಪರಿಣಾಮವನ್ನು ಅರಿಯಲು ಈ ಅಂಶವನ್ನು ಮೊದಲು ಮನಗಾಣುವುದು ಅಗತ್ಯ.

3.3 ಇಯರ್ಲಿಂಗ್ ಖರೀದಿದಾರರಲ್ಲಿ ಬಹುಪಾಲು ಜನ ಎರಡು ಅಥವಾ ಮೂರು ವರ್ಷದ ವಯಸ್ಸಿನಲ್ಲಿ ಓಡಬಲ್ಲ ವೇಗದ ಕುದುರೆಯನ್ನು ಅರಸುತ್ತಾರೆ. ಜಂಪ್ ಕುದುರೆಯಾದರೋ ಮೂರು–ನಾಲ್ಕನೆಯ ವರ್ಷದಲ್ಲಿ ಓಟ ಆರಂಭಿಸಿ, ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷಗಳ ನಡುವೆ ತನ್ನ ಪೂರ್ಣ ಸಾಮರ್ಥ್ಯಕ್ಕೆ ಬರುತ್ತದೆ. ಜಂಪ್ ರೇಸ್‌ಗಳ ದೂರವು ಸುಮಾರು 2 ಮೈಲಿಯಿಂದ, ಅಂದರೆ 3,200 ಮೀಟರ್‌ನಿಂದ ಆರಂಭವಾಗಿ 4 ಮೈಲಿಯನ್ನೂ ಮೀರುತ್ತದೆ. ಲಿವರ್‌ಪೂಲ್ ಬಳಿಯ ಏಂಟ್ರೀಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಕುದುರೆಗಳು 30 ಬೇಲಿಗಳನ್ನು ದಾಟಬೇಕು. ಆದ್ದರಿಂದ ವಂಶಾವಳಿಯಲ್ಲಿ ಜಂಪ್ ಗೆಲುವುಗಳೇ ತುಂಬಿದ್ದರೆ, ಈ ಕುಟುಂಬವು ತಡವಾಗಿ ಬಲಿಯುವ, ನಿಧಾನ ಗತಿಯ, ದೂರದ ಓಟದ ಕುಟುಂಬ ಎಂದು ಖರೀದಿದಾರ ಊಹಿಸುತ್ತಾನೆ. ಈ ಊಹೆ ಸರಿಯೇ ತಪ್ಪೇ ಎಂಬುದು ಬೇರೆ ವಿಷಯ. ಹರಾಜಿನ ಕಟ್ಟೆಯಲ್ಲಿ ಬೆಲೆ ನಿಲ್ಲುವುದು ಊಹೆಯ ಮೇಲೆಯೇ.

4. ಕ್ಯಾಟಲಾಗ್ ಪುಟವನ್ನು ಓದುವ ಕ್ರಮ

4.1 ಕ್ಯಾಟಲಾಗ್‌ನಲ್ಲಿ ಪ್ರತಿ ಮರಿಗೂ ಒಂದು ಪುಟ ಮೀಸಲಾಗಿರುತ್ತದೆ. ಮೇಲ್ಭಾಗದಲ್ಲಿ ತಂದೆ, ತಾಯಿ ಹಾಗೂ ಪೂರ್ವಜರ ನಕ್ಷೆಯಿರುತ್ತದೆ. ಅದರ ಕೆಳಗೆ ತಾಯಿ, ಅಜ್ಜಿ, ಮುತ್ತಜ್ಜಿ ಎಂಬ ಕ್ರಮದಲ್ಲಿ ಹೆಣ್ಣು ಪರಂಪರೆಯ ಸಾಧನೆಗಳು ಮುದ್ರಿತವಾಗಿರುತ್ತವೆ. ಒಂದೇ ತಾಯಿಯ ಮರಿಗಳನ್ನು ಮಾತ್ರ ಸೋದರ–ಸೋದರಿ ಎಂದು ಪರಿಗಣಿಸಲಾಗುತ್ತದೆ. ಒಂದೇ ತಂದೆಯ ಮರಿಗಳಿಗೆ ಆ ಹೆಸರಿಲ್ಲ.

4.2 ಯೂರೋಪಿನಲ್ಲಿ 1971ರಿಂದ ಪ್ರಮುಖ ಫ್ಲ್ಯಾಟ್ ರೇಸ್‌ಗಳನ್ನು ಗ್ರೂಪ್ 1, ಗ್ರೂಪ್ 2, ಗ್ರೂಪ್ 3 ಎಂದು ವರ್ಗೀಕರಿಸಲಾಗಿದೆ. ಅವುಗಳ ಕೆಳಗೆ ಲಿಸ್ಟೆಡ್ ರೇಸ್‌ಗಳು ಬರುತ್ತವೆ. ಈ ಮಟ್ಟದ ಓಟಗಳಲ್ಲಿ ಗೆದ್ದ ಅಥವಾ ಸ್ಥಾನ ಪಡೆದ ಕುದುರೆಗಳ ಹೆಸರನ್ನು ದಪ್ಪಕ್ಷರದಲ್ಲಿ ಮುದ್ರಿಸಲಾಗುತ್ತದೆ. ಗೆದ್ದವುಗಳಿಗೆ ಇಂಗ್ಲಿಷಿನ ದೊಡ್ಡಕ್ಷರಗಳ ದಪ್ಪ ಮುದ್ರಣ, ಸ್ಥಾನ ಪಡೆದವುಗಳಿಗೆ ಸಾಮಾನ್ಯ ಅಕ್ಷರಗಳ ದಪ್ಪ ಮುದ್ರಣ. ಇದನ್ನೇ ವ್ಯಾಪಾರದ ಭಾಷೆಯಲ್ಲಿ ಬ್ಲ್ಯಾಕ್ ಟೈಪ್ ಎನ್ನುತ್ತಾರೆ.

4.3 ಗ್ರೇಡ್ ಮತ್ತು ಲಿಸ್ಟೆಡ್ ಮಟ್ಟದ ಜಂಪ್ ರೇಸ್‌ಗಳಿಗೂ ದಪ್ಪಕ್ಷರದ ಮಾನ್ಯತೆ ಇದೆ. ಆದ್ದರಿಂದ ಪುಟದಲ್ಲಿ ದಪ್ಪಕ್ಷರ ಕಂಡ ಮಾತ್ರಕ್ಕೆ ತೃಪ್ತರಾಗದೆ, ಅದರ ಪಕ್ಕದಲ್ಲಿರುವ ವಿವರವನ್ನು ಪೂರ್ಣವಾಗಿ ಓದತಕ್ಕದ್ದು. ‘ಗ್ರೂಪ್’ ಎಂದಿದ್ದರೆ ಫ್ಲ್ಯಾಟ್ ಓಟ. ‘ಹರ್ಡಲ್’, ‘ಚೇಸ್’ ಎಂದಿದ್ದರೆ ಜಂಪ್ ಓಟ. ‘ಗ್ರೇಡ್’ ಎಂಬ ಪದವನ್ನು ಅಮೆರಿಕದಲ್ಲಿ ಫ್ಲ್ಯಾಟ್ ಓಟಗಳಿಗೂ ಬಳಸುವುದರಿಂದ, ಓಟ ನಡೆದ ದೇಶವನ್ನೂ ಗಮನಿಸಬೇಕು. ‘ನ್ಯಾಷನಲ್ ಹಂಟ್ ಫ್ಲ್ಯಾಟ್ ರೇಸ್’ ಎಂಬ ಹೆಸರು ಕಂಡಲ್ಲಿ ಮೋಸಹೋಗಬಾರದು. ಬಂಪರ್ ಎಂದೂ ಕರೆಯಲಾಗುವ ಈ ಓಟದಲ್ಲಿ ಬೇಲಿಗಳಿಲ್ಲದಿದ್ದರೂ ಅದು ಜಂಪ್ ಕುದುರೆಗಳ ತರಬೇತಿಗೆಂದೇ ಇರುವ ಓಟ.

4.4 ಪುಟದ ಸ್ಥಳ ಸೀಮಿತವಾದುದು. ಬಲವಾದ ಫ್ಲ್ಯಾಟ್ ಕುಟುಂಬದ ಪುಟವು ತಾಯಿ ಮತ್ತು ಅಜ್ಜಿಯ ಸಂತತಿಯಿಂದಲೇ ತುಂಬಿಬಿಡುತ್ತದೆ. ಜಂಪ್ ಸಂಬಂಧಿಗಳಿಗೆ ಅಲ್ಲಿ ಜಾಗ ಸಿಗುವುದು ಅಪರೂಪ. ದುರ್ಬಲ ಕುಟುಂಬದ ಪುಟದಲ್ಲಿ ನಾಲ್ಕನೆಯ ತಲೆಮಾರಿನ ಜಂಪ್ ಗೆಲುವೂ ಎದ್ದು ಕಾಣುತ್ತದೆ. ಹಾಗಾಗಿ ಎಷ್ಟೋ ಸಂದರ್ಭಗಳಲ್ಲಿ ಬೆಲೆ ಕುಗ್ಗುವುದಕ್ಕೆ ಕಾರಣ ಜಂಪ್ ಗೆಲುವು ಇರುವುದಲ್ಲ, ಅದರ ಜೊತೆಯಲ್ಲಿ ಫ್ಲ್ಯಾಟ್ ಗೆಲುವು ಇಲ್ಲದಿರುವುದು.

5. ಪರಿಶೀಲಿಸಬೇಕಾದ ನಾಲ್ಕು ಅಂಶಗಳು

ಜಂಪ್ ಸಂಬಂಧಿಯೊಂದು ಪುಟದಲ್ಲಿ ಕಂಡಾಗ ಈ ಕೆಳಕಂಡ ನಾಲ್ಕು ಅಂಶಗಳನ್ನು ಕ್ರಮವಾಗಿ ಪರಿಶೀಲಿಸುವುದು ಸೂಕ್ತ.

(ಅ) ಸಂಬಂಧದ ಸಾಮೀಪ್ಯ: ತಾಯಿಯೇ ಹರ್ಡಲ್ ಓಡಿದ್ದರೆ ಅಥವಾ ಸೋದರನೊಬ್ಬ ಜಂಪ್ ಕುದುರೆಯಾಗಿದ್ದರೆ ಅದು ಮೊದಲ ಸಾಲಿನ ವಿಷಯ. ಮುತ್ತಜ್ಜಿಯ ಮಗಳ ಮಗನು ಸ್ಟೀಪಲ್‌ಚೇಸ್ ಗೆದ್ದಿದ್ದರೆ ಅದನ್ನು ಖರೀದಿದಾರರು ಬಹುತೇಕ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

(ಆ) ಸಂಬಂಧಿಯ ತಂದೆ ಯಾರು: ಆ ಸೋದರನು ಜಂಪ್ ಕುದುರೆಗಳಿಗೆಂದೇ ಹೆಸರಾದ ಸ್ಟಾಲಿಯನ್‌ನ ಮಗನಾಗಿದ್ದರೆ, ಅವನು ಬೇಲಿ ಜಿಗಿದುದರಲ್ಲಿ ಆಶ್ಚರ್ಯವಿಲ್ಲ. ಅದರ ಹೊಣೆಯನ್ನು ತಂದೆಯ ಕಡೆಗೆ ಹಾಕಬಹುದು. ಆದರೆ ವೇಗಕ್ಕೆ ಹೆಸರಾದ ಸ್ಟಾಲಿಯನ್‌ಗೆ ಹುಟ್ಟಿದ ಸೋದರರೂ ಒಬ್ಬರ ಹಿಂದೊಬ್ಬರಂತೆ ಹರ್ಡಲ್‌ಗೆ ಹೋಗಿದ್ದರೆ, ನಿಧಾನ ಗತಿ ತಾಯಿಯಿಂದಲೇ ಬರುತ್ತಿದೆ ಎಂದು ಮಾರುಕಟ್ಟೆ ತೀರ್ಮಾನಿಸುತ್ತದೆ. ಇನ್ನೊಂದು ಸೂಕ್ಷ್ಮ ಅಂಶವೆಂದರೆ, ತಾಯಿ ಕುದುರೆಯನ್ನು ಹಿಂದೆ ಜಂಪ್ ಸ್ಟಾಲಿಯನ್‌ಗೆ ಕೊಟ್ಟಿದ್ದರೆ, ಆಗಿನ ಮಾಲೀಕರು ಅವಳನ್ನು ಯಾವ ದರ್ಜೆಯಲ್ಲಿ ಇರಿಸಿದ್ದರು ಎಂಬುದನ್ನೂ ಪುಟವು ತಿಳಿಸುತ್ತದೆ.

(ಇ) ಜಂಪ್‌ಗೆ ಹೋಗುವ ಮುನ್ನ ಫ್ಲ್ಯಾಟ್‌ನಲ್ಲಿ ಮಾಡಿದ ಸಾಧನೆ: ಇದು ಅತ್ಯಂತ ಮುಖ್ಯವಾದ ಅಂಶ. ಫ್ಲ್ಯಾಟ್‌ನಲ್ಲಿ ಉತ್ತಮ ರೇಟಿಂಗ್ ಪಡೆದು, ನಂತರ ಹರ್ಡಲ್‌ಗೆ ಹೋದ ಸೋದರನು ಪುಟಕ್ಕೆ ಶೋಭೆ ತರುತ್ತಾನೆ. ಫ್ಲ್ಯಾಟ್‌ನಲ್ಲಿ ಒಂದೂ ಗೆಲುವಿಲ್ಲದೆ ಹರ್ಡಲ್‌ಗೆ ಹೋದ ಸೋದರನ ಕಥೆ ಬೇರೆ. ಎರಡು ವಿಭಾಗಗಳ ರೇಟಿಂಗ್‌ಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬಾರದು. 2012ರಲ್ಲಿ ಅಜೇಯನಾಗಿಯೇ ನಿವೃತ್ತನಾದ ಫ್ಲ್ಯಾಟ್ ಕುದುರೆ ಫ್ರ್ಯಾಂಕೆಲ್‌ಗೆ ದೊರೆತ ವಿಶ್ವ ರೇಟಿಂಗ್ 140. ಜಂಪ್ ವಿಭಾಗದಲ್ಲಿ ಅದಕ್ಕಿಂತ ಹೆಚ್ಚಿನ ಅಂಕ ಪಡೆದ ಕುದುರೆಗಳು ಪ್ರತಿ ವರ್ಷವೂ ಇರುತ್ತವೆ. ಅವು ಫ್ರ್ಯಾಂಕೆಲ್‌ಗಿಂತ ವೇಗದವು ಎಂದು ಅದರ ಅರ್ಥವಲ್ಲ. ಆ ಮಾಪಕವೇ ಬೇರೆ.

(ಈ) ಗೆಲುವಿನ ವಯಸ್ಸು ಮತ್ತು ದೂರ: ಮೂರು ವರ್ಷದ ಕುದುರೆಗಳ ಹರ್ಡಲ್ ಓಟದಲ್ಲಿ ಗೆದ್ದ ಸೋದರನು ಬೇಗ ಬಲಿತವನು, ಅವನಿಗೆ ಸ್ವಲ್ಪ ವೇಗವೂ ಇದೆ ಎಂದು ತಿಳಿಯಬಹುದು. ಹತ್ತನೆಯ ವರ್ಷದಲ್ಲಿ 3 ಮೈಲಿ ದೂರದ ಸ್ಟೀಪಲ್‌ಚೇಸ್ ಗೆದ್ದ ಸೋದರನು ಎಷ್ಟೇ ಶೂರನಾದರೂ ಫ್ಲ್ಯಾಟ್ ಖರೀದಿದಾರನಿಗೆ ನೀಡುವ ಭರವಸೆ ಕಡಿಮೆ.

6. ದಾಖಲೆಯಲ್ಲಿರುವ ಕೆಲವು ನಿದರ್ಶನಗಳು

6.1 ಇಸ್ತಬ್ರಾಕ್ ಮತ್ತು ಸೆಕ್ರೆಟೊ: ಬೆಟ್ಟೀಸ್ ಸೀಕ್ರೆಟ್ ಎಂಬ ತಾಯಿ ಕುದುರೆಯ ಮಗನಾದ ಸೆಕ್ರೆಟೊ 1984ರಲ್ಲಿ ಎಪ್ಸಮ್ ಡರ್ಬಿಯನ್ನು ಗೆದ್ದನು. ಅದೇ ತಾಯಿಗೆ ಸ್ಯಾಡ್ಲರ್ಸ್ ವೆಲ್ಸ್ ಎಂಬ ಸ್ಟಾಲಿಯನ್‌ನಿಂದ ಹುಟ್ಟಿದ ಇಸ್ತಬ್ರಾಕ್ ಫ್ಲ್ಯಾಟ್‌ನಲ್ಲಿ ಸಾಧಾರಣ ಸಾಧನೆ ಮಾಡಿ, 1996ರಲ್ಲಿ 38,000 ಗಿನಿಗಳಿಗೆ ಮಾರಾಟವಾದನು. ಮುಂದೆ ಚೆಲ್ಟೆನ್‌ಹ್ಯಾಮ್‌ನ ಚಾಂಪಿಯನ್ ಹರ್ಡಲ್ ಅನ್ನು 1998, 1999 ಮತ್ತು 2000ರಲ್ಲಿ ಸತತವಾಗಿ ಗೆದ್ದನು. ಡರ್ಬಿ ವಿಜೇತನು ಪುಟದ ಮೊದಲ ಸಾಲಿನಲ್ಲಿರುವಾಗ ಅವನ ಪಕ್ಕದಲ್ಲಿ ಬರುವ ಹರ್ಡಲ್ ಚಾಂಪಿಯನ್‌ನಿಂದ ಆ ಕುಟುಂಬಕ್ಕೆ ನಷ್ಟವೇನೂ ಇಲ್ಲ.

6.2 ಟೈಗರ್ ರೋಲ್ ಮತ್ತು ಅಹ್ಜೀಮಾ: ಸ್ವಿಸ್ ರೋಲ್ ಎಂಬ ತಾಯಿಗೆ ದುಬಾವಿ ಎಂಬ ಸ್ಟಾಲಿಯನ್‌ನಿಂದ ಹುಟ್ಟಿದ ಅಹ್ಜೀಮಾ 2013ರಲ್ಲಿ ದೂರದ ಓಟವಾದ ಲಾನ್ಸ್‌ಡೇಲ್ ಕಪ್ ಎಂಬ ಗ್ರೂಪ್ 2 ಫ್ಲ್ಯಾಟ್ ರೇಸ್ ಗೆದ್ದನು. ಅದೇ ತಾಯಿಗೆ 2007ರ ಡರ್ಬಿ ವಿಜೇತ ಆಥರೈಸ್ಡ್‌ನಿಂದ ಹುಟ್ಟಿದ ಟೈಗರ್ ರೋಲ್, ಒಂದೂ ಓಟ ಓಡದೆ, ಅದೇ 2013ರಲ್ಲಿ 10,000 ಪೌಂಡ್‌ಗಳಿಗೆ ಮಾರಾಟವಾಗಿ, 2018 ಮತ್ತು 2019ರ ಗ್ರ್ಯಾಂಡ್ ನ್ಯಾಷನಲ್‌ಗಳನ್ನು ಗೆದ್ದನು. ಒಂದೇ ಗರ್ಭದ ಇಬ್ಬರು ಮಕ್ಕಳು ಎರಡು ಮಾರುಕಟ್ಟೆಗಳಿಗೆ ಸೇರಬಹುದು ಎಂಬುದಕ್ಕೂ, ಇಬ್ಬರಲ್ಲಿ ಸಮಾನವಾಗಿದ್ದ ಗುಣ ದೂರ ಓಡುವ ಶಕ್ತಿ ಎಂಬುದಕ್ಕೂ ಇದು ನಿದರ್ಶನ.

6.3 ರೆಡ್ ರಮ್: ಈ ಕುದುರೆಯ ತಂದೆ ಕೋರಮ್ 1957ರ 2000 ಗಿನೀಸ್ ಓಟದಲ್ಲಿ ಎರಡನೆಯ ಸ್ಥಾನ ಪಡೆದವನು. 1 ಮೈಲಿ ಓಟದ ಈ ಕುದುರೆಯ ಮಗನಿಂದ ಕಡಿಮೆ ದೂರದ ವೇಗವನ್ನೇ ನಿರೀಕ್ಷಿಸಲಾಗಿತ್ತು. ಇಯರ್ಲಿಂಗ್ ಆಗಿ 400 ಗಿನಿಗಳಿಗೆ ಮಾರಾಟವಾದ ರೆಡ್ ರಮ್ 1967ರಲ್ಲಿ ಏಂಟ್ರೀಯಲ್ಲಿ 5 ಫರ್ಲಾಂಗ್, ಅಂದರೆ ಸುಮಾರು 1,000 ಮೀಟರ್ ಓಟದಲ್ಲಿ ಸಮ ಗೆಲುವು ಪಡೆದನು. ಅದೇ ಏಂಟ್ರೀಯಲ್ಲಿ 1973, 1974 ಮತ್ತು 1977ರಲ್ಲಿ ನಾಲ್ಕು ಮೈಲಿಗೂ ಮೀರಿದ ಗ್ರ್ಯಾಂಡ್ ನ್ಯಾಷನಲ್ ಗೆದ್ದನು. ವಂಶಾವಳಿಯಿಂದ ಸಾಮರ್ಥ್ಯವನ್ನು ಖಚಿತವಾಗಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಜಂಪ್ ಸಂಬಂಧಿಯಿದ್ದರೆ ಮರಿ ನಿಧಾನವೆಂಬ ಊಹೆಯೂ ಇದೇ ರೀತಿ ತಪ್ಪಬಹುದು.

6.4 ಯೇಟ್ಸ್ ಮತ್ತು ಕ್ರಿಸ್ಟಲ್ ಓಶನ್: ಯೇಟ್ಸ್ 2006ರಿಂದ 2009ರವರೆಗೆ ಸತತ ನಾಲ್ಕು ಬಾರಿ ಆಸ್ಕಟ್ ಗೋಲ್ಡ್ ಕಪ್ ಗೆದ್ದ ಫ್ಲ್ಯಾಟ್ ಕುದುರೆ. ಕ್ರಿಸ್ಟಲ್ ಓಶನ್ 2019ರಲ್ಲಿ ಆಸ್ಕಟ್‌ನ ಪ್ರಿನ್ಸ್ ಆಫ್ ವೇಲ್ಸಸ್ ಸ್ಟೇಕ್ಸ್ ಎಂಬ ಗ್ರೂಪ್ 1 ಓಟ ಗೆದ್ದವನು. ಇಬ್ಬರೂ ನಿವೃತ್ತಿಯ ನಂತರ ಐರ್ಲೆಂಡ್‌ನಲ್ಲಿ ಜಂಪ್ ಕುದುರೆಗಳ ಸ್ಟಾಲಿಯನ್‌ಗಳಾದರು. ಅಂದರೆ ಉನ್ನತ ಫ್ಲ್ಯಾಟ್ ಸಾಧನೆಯುಳ್ಳ ಕುದುರೆಗೂ ದೂರದ ಓಟದ ಹಣೆಪಟ್ಟಿ ಬಿದ್ದ ಮೇಲೆ ಫ್ಲ್ಯಾಟ್ ಸಾಕಣೆದಾರರು ಹಿಂಜರಿಯುತ್ತಾರೆ. ಇಂತಹ ಸ್ಟಾಲಿಯನ್ ಮರಿಯ ತಾಯಿಯ ತಂದೆಯ ಸ್ಥಾನದಲ್ಲಿ ಬಂದಾಗ ಅದೇ ಹಿಂಜರಿಕೆ ಮರಿಯ ಬೆಲೆಯ ಮೇಲೂ ಬೀಳುತ್ತದೆ.

6.5 ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. ಮಾಂಟ್‌ಜ್ಯೂ ಎಂಬ ಸ್ಟಾಲಿಯನ್‌ನ ಮಕ್ಕಳಾದ ಮೋಟಿವೇಟರ್, ಆಥರೈಸ್ಡ್, ಪೂರ್ ಮ್ವಾ ಮತ್ತು ಕ್ಯಾಮೆಲಾಟ್ ಕ್ರಮವಾಗಿ 2005, 2007, 2011 ಮತ್ತು 2012ರಲ್ಲಿ ಡರ್ಬಿ ಗೆದ್ದರು. ಅದೇ ಮಾಂಟ್‌ಜ್ಯೂವಿನ ಮಗ ಹರಿಕೇನ್ ಫ್ಲೈ 2011 ಮತ್ತು 2013ರಲ್ಲಿ ಚಾಂಪಿಯನ್ ಹರ್ಡಲ್ ಗೆದ್ದು, ಒಟ್ಟು 22 ಗ್ರೇಡ್ 1 ಜಂಪ್ ಓಟಗಳನ್ನು ತನ್ನದಾಗಿಸಿಕೊಂಡನು. ಫ್ಲ್ಯಾಟ್ ಸಾಧನೆ ಅಷ್ಟು ಗಟ್ಟಿಯಾಗಿದ್ದಲ್ಲಿ ಜಂಪ್ ಸಾಧನೆ ಹೆಚ್ಚುವರಿ ಗುಣವಾಗಿ ಪರಿಗಣಿತವಾಗುತ್ತದೆ.

7. ತಂದೆಯ ಆಯ್ಕೆಯ ಮಹತ್ವ

7.1 ಮೇಲಿನ ನಿದರ್ಶನಗಳಿಂದ ತಿಳಿದುಬರುವ ಅಂಶವೆಂದರೆ, ಜಂಪ್ ಸಂಬಂಧಿಯು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಮರಿಯ ತಂದೆ ಯಾರು ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ.

7.2 ಜಂಪ್ ಕುದುರೆಗಳ ಮರಿಗಳಿಗೆ ಪ್ರತ್ಯೇಕ ಹರಾಜುಗಳಿವೆ. ಟ್ಯಾಟರ್‌ಸಾಲ್ಸ್ ಐರ್ಲೆಂಡ್ ಸಂಸ್ಥೆಯು ಫೇರಿಹೌಸ್‌ನಲ್ಲಿ ನವೆಂಬರ್‌ನಲ್ಲಿ ನಡೆಸುವ ನ್ಯಾಷನಲ್ ಹಂಟ್ ಹರಾಜು ಇವುಗಳಲ್ಲಿ ಪ್ರಮುಖವಾದುದು. ಅಲ್ಲಿ ಕೊಂಡ ಮರಿಗಳನ್ನು ಮೂರು ವರ್ಷದವರೆಗೆ ಸವಾರಿಗೆ ಪಳಗಿಸದೆ ಬೆಳೆಸಿ, ಸ್ಟೋರ್ ಎಂಬ ಹೆಸರಿನಲ್ಲಿ ಮರುಮಾರಾಟ ಮಾಡುವ ಪದ್ಧತಿಯಿದೆ. ತಂದೆ ಜಂಪ್ ಸ್ಟಾಲಿಯನ್ ಆಗಿದ್ದರೆ ಮರಿಗೆ ಆ ಮಾರುಕಟ್ಟೆ ತೆರೆದಿರುತ್ತದೆ. ಜಂಪ್ ಸಂಬಂಧಿಗಳೆಲ್ಲರೂ ಅಲ್ಲಿ ಆಸ್ತಿಯಾಗುತ್ತಾರೆ.

7.3 ತಂದೆ 5–6 ಫರ್ಲಾಂಗ್ ವೇಗದ ಸ್ಟಾಲಿಯನ್ ಆಗಿದ್ದು, ತಾಯಿಯ ಕಡೆ ಕೇವಲ ಜಂಪ್ ಸಂಬಂಧಿಗಳಿದ್ದರೆ ಮರಿಯ ಸ್ಥಿತಿ ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಫ್ಲ್ಯಾಟ್ ಖರೀದಿದಾರನಿಗೆ ತಾಯಿ ಹಿಡಿಸುವುದಿಲ್ಲ, ಜಂಪ್ ಖರೀದಿದಾರನಿಗೆ ತಂದೆ ಹಿಡಿಸುವುದಿಲ್ಲ. ಬೆಲೆ ತೀವ್ರವಾಗಿ ಕುಸಿಯುವುದು ಇಂತಹ ಮರಿಗಳ ವಿಷಯದಲ್ಲಿಯೇ.

7.4 ತಂದೆ 10–12 ಫರ್ಲಾಂಗ್ ದೂರದ ಫ್ಲ್ಯಾಟ್ ಸ್ಟಾಲಿಯನ್ ಆಗಿದ್ದರೆ ಸ್ಥಿತಿ ಮಧ್ಯಮ. ಇಂತಹ ಗಂಡು ಮರಿ ಮೂರು–ನಾಲ್ಕು ವರ್ಷದವನಾದಾಗ ಫ್ಲ್ಯಾಟ್‌ನಲ್ಲಿ ಮಧ್ಯಮ ರೇಟಿಂಗ್ ಪಡೆದರೂ, ತರಬೇತಿಯಲ್ಲಿರುವ ಕುದುರೆಗಳ ಶರತ್ಕಾಲದ ಹರಾಜಿನಲ್ಲಿ ಹರ್ಡಲ್ ತರಬೇತುದಾರರು ಅವನನ್ನು ಕೊಳ್ಳಲು ಮುಂದೆ ಬರುತ್ತಾರೆ. ಆಗ ಜಂಪ್ ಸೋದರನ ಹೆಸರು ನೆರವಿಗೆ ಬರುತ್ತದೆ. ಆದರೆ ಈ ಲಾಭವು ಕುದುರೆಯನ್ನು ಓಡಿಸಿದ ಮಾಲೀಕನಿಗೆ ದೊರೆಯುವಂಥದ್ದು. ಹತ್ತು ತಿಂಗಳಲ್ಲಿ ಮರುಮಾರಾಟ ಮಾಡುವ ಪಿನ್‌ಹುಕರ್‌ಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲದ ಕಾರಣ, ಅವನು ಅದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

7.5 ಹೆಣ್ಣು ಮರಿಗಳ ಲೆಕ್ಕ ಬೇರೆ. ಹೆಣ್ಣು ಮರಿಯ ಬೆಲೆಯಲ್ಲಿ ಮುಂದೆ ತಾಯಿ ಕುದುರೆಯಾಗುವ ಮೌಲ್ಯವೂ ಸೇರಿರುತ್ತದೆ. ಪುಟದಲ್ಲಿ ಜಂಪ್ ದಪ್ಪಕ್ಷರ ಮಾತ್ರ ಇದ್ದರೆ ಫ್ಲ್ಯಾಟ್ ಸಾಕಣೆಗೆ ಆ ಮೌಲ್ಯ ತಗ್ಗುತ್ತದೆ, ಜಂಪ್ ಸಾಕಣೆಗೆ ಹೆಚ್ಚುತ್ತದೆ. ಭಾರತದಲ್ಲಿ ಜಂಪ್ ಸಾಕಣೆಯ ಮಾರುಕಟ್ಟೆ ಇಲ್ಲದಿರುವುದರಿಂದ ಇಲ್ಲಿನ ಖರೀದಿದಾರರಿಗೆ ಎರಡನೆಯ ಭಾಗ ಅನ್ವಯಿಸುವುದಿಲ್ಲ.

8. ಆನುವಂಶಿಕ ಪರೀಕ್ಷೆ

ಐರ್ಲೆಂಡ್‌ನ ವಿಜ್ಞಾನಿಗಳು 2010ರಲ್ಲಿ ಮಯೋಸ್ಟ್ಯಾಟಿನ್ ಎಂಬ ಜೀನ್‌ನಲ್ಲಿನ ವ್ಯತ್ಯಾಸಕ್ಕೂ ಓಟದ ದೂರಕ್ಕೂ ಸಂಬಂಧವಿದೆಯೆಂದು ಪ್ರಕಟಿಸಿದರು. ಸಿ–ಸಿ ಮಾದರಿಯ ಕುದುರೆಗಳು ಕಡಿಮೆ ದೂರಕ್ಕೆ, ಸಿ–ಟಿ ಮಾದರಿಯವು ಮಧ್ಯಮ ದೂರಕ್ಕೆ, ಟಿ–ಟಿ ಮಾದರಿಯವು ಹೆಚ್ಚಿನ ದೂರಕ್ಕೆ ಒಲವುಳ್ಳವು. ಮರಿಯು ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶವನ್ನು ಪಡೆಯುತ್ತದೆ. ಜಂಪ್ ಸೋದರನು ಪರೀಕ್ಷೆಯಲ್ಲಿ ಟಿ–ಟಿ ಎಂದು ಕಂಡುಬಂದರೆ ತಾಯಿಯಲ್ಲಿ ಕನಿಷ್ಠ ಒಂದು ಟಿ ಇದೆಯೆಂದಾಯಿತು. ಆದರೆ ಹೊಸ ಮರಿಯ ತಂದೆ ಸಿ–ಸಿ ಆಗಿದ್ದರೆ ಮರಿ ಎಂದಿಗೂ ಟಿ–ಟಿ ಆಗಲಾರದು. ಸೋದರನ ಗುಣ ಮರಿಗೆ ಹಾಗೆಯೇ ಬರುತ್ತದೆ ಎಂಬ ಭಯಕ್ಕೆ ಇಷ್ಟರ ಮಟ್ಟಿಗೆ ಉತ್ತರ ಸಿಗುತ್ತದೆ. ಈ ಪರೀಕ್ಷೆಯು ದೂರದ ಒಲವನ್ನು ಸೂಚಿಸುತ್ತದೆಯೇ ಹೊರತು ಸಾಮರ್ಥ್ಯವನ್ನಲ್ಲ ಎಂಬುದನ್ನು ಗಮನಿಸತಕ್ಕದ್ದು.

9. ಮಾರುವುದೋ, ಉಳಿಸಿಕೊಳ್ಳುವುದೋ: ಲೆಕ್ಕಾಚಾರದ ಕ್ರಮ

9.1 ಒಂದೆರಡು ತಾಯಿ ಕುದುರೆಗಳನ್ನು ಮಾತ್ರ ಸಾಕಿರುವ ಸಣ್ಣ ಸಾಕಣೆದಾರನಿಗೆ ಮರಿಯ ಬೆಲೆಯೇ ವರ್ಷದ ಆದಾಯ. ಅವನ ತೀರ್ಮಾನ ತಪ್ಪಿದರೆ ಮುಂದಿನ ವರ್ಷದ ಸ್ಟಾಲಿಯನ್ ಶುಲ್ಕ ತುಂಬುವುದಕ್ಕೂ ತೊಂದರೆಯಾಗುತ್ತದೆ. ಆದ್ದರಿಂದ ಲೆಕ್ಕವನ್ನು ಬರೆದು ನೋಡುವುದು ಒಳಿತು. ಕೆಳಗಿನ ಅಂಕಿಗಳು ಕೇವಲ ಕಲ್ಪಿತ ಉದಾಹರಣೆಯಾಗಿದ್ದು, ಹರಾಜು ಸಂಸ್ಥೆಯ ಕಮಿಷನ್ ಮತ್ತು ತೆರಿಗೆಗಳನ್ನು ಸೇರಿಸಿಲ್ಲ.

ಸ್ಟಾಲಿಯನ್ ಶುಲ್ಕ: 10,000 ಪೌಂಡ್
ಹರಾಜಿನವರೆಗಿನ ಸಾಕಣೆ ವೆಚ್ಚ: 9,000 ಪೌಂಡ್
ಈವರೆಗಿನ ಒಟ್ಟು ವೆಚ್ಚ: 19,000 ಪೌಂಡ್
ಹರಾಜಿನಲ್ಲಿ ಬಂದ ಕೂಗು: 14,000 ಗಿನಿ, ಅಂದರೆ 14,700 ಪೌಂಡ್
ಇಯರ್ಲಿಂಗ್ ಹರಾಜಿನವರೆಗೆ ಉಳಿಸಿಕೊಂಡರೆ ಆಗುವ ಹೆಚ್ಚುವರಿ ವೆಚ್ಚ: 8,000 ಪೌಂಡ್

9.2 ಇಲ್ಲಿ ಮಾರಾಟಗಾರನಿಗೆ 4,300 ಪೌಂಡ್ ನಷ್ಟ ಕಾಣುತ್ತದೆ. ನಷ್ಟವನ್ನು ತಪ್ಪಿಸಬೇಕೆಂಬ ಕಾರಣಕ್ಕೇ ಮರಿಯನ್ನು ಉಳಿಸಿಕೊಳ್ಳುವುದು ಸರಿಯಾದ ಕ್ರಮವಲ್ಲ. 19,000 ಪೌಂಡ್ ಈಗಾಗಲೇ ಖರ್ಚಾಗಿ ಹೋದ ಹಣ. ಮಾರಿದರೂ ಉಳಿಸಿಕೊಂಡರೂ ಅದು ಮರಳಿ ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇಯರ್ಲಿಂಗ್ ಆದಾಗ ಈ ಮರಿಗೆ 14,700 ಮತ್ತು 8,000 ಸೇರಿ 22,700 ಪೌಂಡ್, ಅಂದರೆ ಸುಮಾರು 21,620 ಗಿನಿಗಿಂತ ಹೆಚ್ಚು ಬರುವ ಸಂಭವವಿದೆಯೇ?

9.3 ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಜಂಪ್ ಸಂಬಂಧಿಯ ವಿಷಯ ನೆರವಾಗುತ್ತದೆ. ಮುಂಬರುವ ಬೇಸಿಗೆಯಲ್ಲಿ ಓಡಲಿರುವ ಎರಡು ವರ್ಷದ ಫ್ಲ್ಯಾಟ್ ಸೋದರ ಅಥವಾ ಸೋದರಿ ಇದ್ದರೆ, ಅವರ ಒಂದು ಗೆಲುವಿನಿಂದ ಪುಟದ ಬೆಲೆ ಏರಬಹುದು, ಕಾಯುವುದಕ್ಕೆ ಕಾರಣವಿದೆ. ಓಟದಲ್ಲಿರುವ ಏಕೈಕ ಸೋದರನು ಹರ್ಡಲ್ ಕುದುರೆಯಾಗಿದ್ದರೆ, ಅವನು ಚಳಿಗಾಲದಲ್ಲಿ ಎಷ್ಟೇ ಗೆದ್ದರೂ ಫ್ಲ್ಯಾಟ್ ಇಯರ್ಲಿಂಗ್‌ನ ಬೆಲೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಕಾಯುವುದಕ್ಕೆ ಕಾರಣ ಕಡಿಮೆ. ಮರಿಯ ಮೈಕಟ್ಟು, ನಡಿಗೆ ಮತ್ತು ಕಾಲುಗಳ ಸ್ಥಿತಿ ಅತ್ಯುತ್ತಮವಾಗಿದ್ದಲ್ಲಿ ಮಾತ್ರ ಇದಕ್ಕೆ ವಿನಾಯಿತಿ.

9.4 ಹಾಗಾದರೆ ಹರ್ಡಲ್ ಗೆಲುವಿನ ಲಾಭ ಯಾರಿಗೆ? ಬಹುಪಾಲು ಅದು ಮರಿಗಲ್ಲ, ತಾಯಿಗೆ ಸಲ್ಲುತ್ತದೆ. ದೊಡ್ಡ ಜಂಪ್ ಓಟಗಳು ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಡೆಯುತ್ತವೆ. ಚೆಲ್ಟೆನ್‌ಹ್ಯಾಮ್ ಉತ್ಸವ ಮಾರ್ಚ್‌ನಲ್ಲಿ. ಆ ವೇಳೆಗೆ ಮರಿ ಮಾರಾಟವಾಗಿರುತ್ತದೆ. ಆದರೆ ತಾಯಿಯನ್ನು ಆ ವರ್ಷ ಯಾವ ಸ್ಟಾಲಿಯನ್‌ಗೆ ಕೊಡಬೇಕೆಂಬ ನಿರ್ಧಾರವನ್ನು ಇನ್ನೂ ಬದಲಿಸಬಹುದು. ಮಗನು ದೊಡ್ಡ ಹರ್ಡಲ್ ಗೆದ್ದಾಗ ತಾಯಿಯನ್ನು ಜಂಪ್ ಸ್ಟಾಲಿಯನ್‌ಗೆ ಕೊಟ್ಟು, ಮುಂದಿನ ಮರಿಯನ್ನು ಜಂಪ್ ಹರಾಜಿಗೆ ಒಯ್ಯುವುದು, ಅಥವಾ ತಾಯಿಯನ್ನೇ ಆ ಮಾರುಕಟ್ಟೆಯಲ್ಲಿ ಮಾರುವುದು ಲಾಭದಾಯಕ. 2016ರಲ್ಲಿ ಚಾಂಪಿಯನ್ ಹರ್ಡಲ್ ಗೆದ್ದ ಆ್ಯನಿ ಪವರ್ ಎಂಬ ಹೆಣ್ಣು ಕುದುರೆಯನ್ನು ನಂತರ ಫ್ಲ್ಯಾಟ್ ಸ್ಟಾಲಿಯನ್ ಗೆಲಿಲಿಯೊಗೆ ಕೊಡಲಾಯಿತು. ಆ ಜೋಡಿಗೆ ಹುಟ್ಟಿದ ಮಿಸ್ಟಿಕಲ್ ಪವರ್ 2024ರಲ್ಲಿ ಹೆಸರು ಮಾಡಿದ್ದು ಗ್ರೇಡ್ 1 ಹರ್ಡಲ್ ಓಟಗಳಲ್ಲಿ. ತಾಯಿಯ ಗುಣಕ್ಕೆ ಮಾರುಕಟ್ಟೆ ತೂಕ ಕೊಡುವುದು ನಿರಾಧಾರವೇನಲ್ಲ ಎಂಬುದನ್ನು ಇದು ತೋರಿಸುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಂಪ್ ಓಡಿದ ಸೋದರರ ಹೆಸರನ್ನು ಕ್ಯಾಟಲಾಗ್‌ನಿಂದ ಕೈಬಿಡುವಂತೆ ಮಾರಾಟಗಾರ ಕೋರಬಹುದೇ?
ಉತ್ತರ: ಅಧಿಕೃತ ದಾಖಲೆಗಳ ಆಧಾರದ ಮೇಲೆ ಪುಟ ಸಿದ್ಧವಾಗುತ್ತದೆ. ತಾಯಿಯ ಸಂತತಿಯನ್ನು ಮರೆಮಾಚುವುದು ಪ್ರಾಮಾಣಿಕ ವ್ಯವಹಾರವಲ್ಲ. ಓಟಗಳ ಫಲಿತಾಂಶ ಸಾರ್ವಜನಿಕವಾಗಿ ಲಭ್ಯವಿರುವುದರಿಂದ ಅದರಿಂದ ಪ್ರಯೋಜನವೂ ಇಲ್ಲ. ಬದಲಾಗಿ, ಸೋದರನ ಫ್ಲ್ಯಾಟ್ ರೇಟಿಂಗ್ ಚೆನ್ನಾಗಿದ್ದರೆ ಅದನ್ನು ಖರೀದಿದಾರರ ಗಮನಕ್ಕೆ ತರುವುದು ಸೂಕ್ತ.

ಪ್ರಶ್ನೆ: ಕನಿಷ್ಠ ಮೀಸಲು ಬೆಲೆಯನ್ನು ಹೆಚ್ಚಾಗಿ ಇಟ್ಟರೆ ಒಳ್ಳೆಯದಲ್ಲವೇ?
ಉತ್ತರ: ಮೀಸಲು ಬೆಲೆ ತಲುಪದೆ ಮರಿ ಹಿಂದಿರುಗಿದರೆ ಆ ಸಂಗತಿಯೂ ಹರಾಜಿನ ಫಲಿತಾಂಶದಲ್ಲಿ ದಾಖಲಾಗುತ್ತದೆ. ಮುಂದಿನ ವರ್ಷ ಅದೇ ಮರಿ ಬಂದಾಗ ಖರೀದಿದಾರರು ಅದನ್ನು ನೆನಪಿಟ್ಟಿರುತ್ತಾರೆ. ಜಂಪ್ ಸಂಬಂಧಿಗಳೇ ಹೆಚ್ಚಿರುವ ಪುಟಕ್ಕೆ ವಾಸ್ತವಿಕ ಮೀಸಲು ಬೆಲೆ ಇಡುವುದು ಕ್ಷೇಮ.

ಪ್ರಶ್ನೆ: ಭಾರತದ ಖರೀದಿದಾರರು ಇಂತಹ ಕುಟುಂಬದ ತಾಯಿ ಕುದುರೆಯನ್ನು ಕೊಳ್ಳಬಹುದೇ?
ಉತ್ತರ: ಕೊಳ್ಳಬಹುದು. ಅಲ್ಲಿ ಜಂಪ್ ಸಂಬಂಧಿಗಳ ಕಾರಣದಿಂದ ಕಡಿಮೆ ಬೆಲೆಗೆ ಸಿಗುವ ಕುದುರೆಯಲ್ಲಿ ಫ್ಲ್ಯಾಟ್ ಸಾಧನೆ ನಿಜವಾಗಿಯೂ ಇದ್ದರೆ ಅದು ಲಾಭದ ಖರೀದಿ. ಫ್ಲ್ಯಾಟ್ ಸಾಧನೆಯೇ ಇಲ್ಲದಿದ್ದರೆ, ಅಗ್ಗವೆಂದು ಕೊಂಡ ಕುದುರೆಯ ಸಾಗಣೆ ಮತ್ತು ಕ್ವಾರಂಟೈನ್ ವೆಚ್ಚ ಮಾತ್ರ ಅಗ್ಗವಾಗುವುದಿಲ್ಲ. ಭಾರತದಲ್ಲಿ ಹುಟ್ಟುವ ಥರೋಬ್ರೆಡ್ ಮರಿಗಳ ನೋಂದಣಿಯನ್ನು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ನಿರ್ವಹಿಸುತ್ತದೆ. ತಾಯಿಯ ದಾಖಲೆಗಳನ್ನು ಖರೀದಿಯ ಸಮಯದಲ್ಲಿಯೇ ಸರಿಯಾಗಿ ಪಡೆದುಕೊಳ್ಳತಕ್ಕದ್ದು.

11. ಸಾರಾಂಶ

(1) ಮರಿಯ ಬೆಲೆ ನಿರ್ಧಾರವಾಗುವುದು ಮುಂದಿನ ಖರೀದಿದಾರ ಯಾರು ಎಂಬುದರ ಮೇಲೆ.
(2) ಫ್ಲ್ಯಾಟ್ ದಪ್ಪಕ್ಷರದ ಜೊತೆಗಿರುವ ಜಂಪ್ ಗೆಲುವು ಹಾನಿ ಮಾಡುವುದಿಲ್ಲ. ಅದಿಲ್ಲದೆ ಒಂಟಿಯಾಗಿರುವ ಜಂಪ್ ಗೆಲುವು ಬೆಲೆ ತಗ್ಗಿಸುತ್ತದೆ.
(3) ಜಂಪ್ ಕುಟುಂಬದ ತಾಯಿ ಮತ್ತು ಅತಿ ವೇಗದ ತಂದೆ, ಈ ಜೋಡಿಯಲ್ಲಿ ಹೆಚ್ಚಿನ ಅಪಾಯವಿದೆ.
(4) ಸೋದರನ ಜಂಪ್ ಗೆಲುವಿನ ಲಾಭ ಹೆಚ್ಚಾಗಿ ತಾಯಿಗೆ ಮತ್ತು ಅವಳ ಮುಂದಿನ ಮರಿಗೆ ಸಲ್ಲುತ್ತದೆ. ಸ್ಟಾಲಿಯನ್ ಆಯ್ಕೆಯನ್ನು ಅದಕ್ಕೆ ತಕ್ಕಂತೆ ಮಾಡಬೇಕು.
(5) ಈಗಾಗಲೇ ಖರ್ಚಾದ ಹಣವನ್ನು ಮುಂದಿಟ್ಟುಕೊಂಡು ಮರಿಯನ್ನು ಉಳಿಸಿಕೊಳ್ಳಬಾರದು.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಮಾತ್ರ ಒದಗಿಸಲಾಗಿದೆ. ಇದು ಯಾವುದೇ ಕುದುರೆಯ ಬೆಲೆಗೆ ಅಥವಾ ಸಾಮರ್ಥ್ಯಕ್ಕೆ ಖಾತರಿಯಲ್ಲ. ಖರೀದಿಗೆ ಮುನ್ನ ಅರ್ಜಿದಾರರು ಹರಾಜು ಸಂಸ್ಥೆಯ ನಿಬಂಧನೆಗಳನ್ನು ಓದಿಕೊಂಡು, ಅರ್ಹ ಪಶುವೈದ್ಯರಿಂದ ಕುದುರೆಯ ತಪಾಸಣೆ ಮಾಡಿಸಿಕೊಳ್ಳಲು ಕೋರಲಾಗಿದೆ.